ಯಾವ ಅಂಗ ಅಂತ ಹೇಳಿ

ನಮಸ್ಕಾರ. ಸಗಣಿಯಲ್ಲಿ ಬದುಕುವ ದುಂಬಿಗಳನ್ನು ವಿಜ್ಞಾನಿಗಳು ಸೇರಿಸುವ ಕುಟುಂಬ ಮತ್ತೆ ಮತ್ತೆ ಬದಲಾದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆ ತಿಳಿಯಾಗಿದೆ. ಆದರೆ ಎರಡನೇ ಪ್ಯಾರಾ ಓದಿ ನನಗೆ ಸಿಟ್ಟೇ ಬಂತು.

"ಅಂಗರಚನೆಯ ಆಧಾರದ ಮೇಲೆ ಜಿಯೊಟ್ರುಪಿಸ್ ದುಂಬಿಯನ್ನು ಬೇರೆ ಕುಟುಂಬಕ್ಕೆ ಸೇರಿಸಲಾಯಿತು" ಎಂದಿದ್ದೀರಿ. ಯಾವ ಅಂಗ? ಮುಂದಿನ ಸಾಲು, "ಹಲವು ಸೂಕ್ಷ್ಮ ವ್ಯತ್ಯಾಸಗಳು ಕಂಡುಬಂದವು." ಎಲ್ಲಿ ಕಂಡವು? ಯುರೋಪಿನ ಈ ದುಂಬಿಯೂ ಕಪ್ಪಗೆ, ಗುಂಡಗೆ, ಸಗಣಿಯಲ್ಲೇ ಇರುತ್ತದೆ. ಸುಮ್ನೆ ನೋಡಿದರೆ ಸಗಣಿ ಹುಳುವೇ ಅಲ್ವಾ? ಕುಡಿಮೀಸೆಯ ಗೆಣ್ಣು ಎಣಿಸಿ. ಇದಕ್ಕೆ 11. ಸಗಣಿ ಹುಳುವಿಗೆ 8 ಇಲ್ಲವೇ 9. ಮೇಲಿನಿಂದ ನೋಡಿದರೆ ಇದರ ದವಡೆ ಮುಂದಕ್ಕೆ ಚಾಚಿರುತ್ತದೆ. ಸಗಣಿ ಹುಳುವಿನ ದವಡೆ ತೆಳು ಪೊರೆಯಂಥದ್ದು, ತಲೆಯ ಅಗಲ ತಗಡಿನ ಕೆಳಗೆ ಅಡಗಿರುತ್ತದೆ. ಇಷ್ಟು ಹೇಳಿದ್ದರೆ ಓದುವವರೇ ಎರಡನ್ನೂ ಬೇರೆ ಮಾಡುತ್ತಿದ್ದರು.

ಮತ್ತೆ, ಜೀವಿಗಳನ್ನು ಗುಂಪು ಮಾಡಿ ಹೆಸರಿಟ್ಟ ವಿಜ್ಞಾನಿ ಲಿನಿಯಸ್ ಬಗ್ಗೆ, "ಲಿನಿಯಸ್ ತಪ್ಪು ಮಾಡಿದ್ದರು" ಅನ್ನುವ ಸಾಲು. ಅದನ್ನು ತೆಗೆಯಿರಿ. 1758ರಲ್ಲಿ ಅವರು ಇದನ್ನೂ, ಕೊಂಬಿನಂಥ ದವಡೆಯ ಸ್ಟ್ಯಾಗ್ ದುಂಬಿಯನ್ನೂ ಸ್ಕ್ಯಾರಬಿಯಸ್ ಎಂಬ ಒಂದೇ ಹೆಸರಿನಡಿ ಇಟ್ಟಿದ್ದು ನಿಜ. ಆದರೆ ಅವರು ಹಿಡಿದ ಗುರುತು ಯಾವುದು? ಕುಡಿಮೀಸೆಯ ತುದಿಯ ಗಂಟು ಹೋಳುಹೋಳಾಗಿ ಸೀಳಿರುವುದು. ಇವತ್ತಿಗೂ ಈ ಕುಟುಂಬಗಳನ್ನೆಲ್ಲ ಒಂದು ದೊಡ್ಡ ಬಳಗದಲ್ಲಿ ಇಡುವಾಗ ಆ ಗುರುತು ಬೇಕೇ ಬೇಕು. ಅವರ ಗುಂಪು ಒಡೆದು ಹೋಗಲಿಲ್ಲ, ಅದರೊಳಗೆ ಗುಂಪುಗಳು ಹುಟ್ಟಿದವು.

ನಾನು ಕಲಿಯುತ್ತಿದ್ದಾಗ, ಮೊದಲ ಮಳೆ ಬಿದ್ದ ಸಂಜೆ, ಬೇವಿನ ಮರದಿಂದ ಗೊಣ್ಣೆ ಹುಳುವಿನ ದುಂಬಿಗಳನ್ನು ಡಬ್ಬಿ ತುಂಬ ಆಯ್ದು ತಂದಿದ್ದೆ. ಬಣ್ಣ ನೋಡಿ ಎರಡು ಗುಂಪು ಮಾಡಿದೆ. ನೋಟ್‌ಬುಕ್ಕಿನಲ್ಲಿ "ವ್ಯತ್ಯಾಸಗಳಿವೆ" ಅಂತ ಬರೆದೆ. ನಮ್ಮ ಮೇಷ್ಟ್ರು ಏನೂ ಅನ್ನಲಿಲ್ಲ. ಗಂಡು ದುಂಬಿಗಳ ಹೊಟ್ಟೆಯ ತುದಿ ಬಿಡಿಸಿ, ಜನನಾಂಗವನ್ನು ಸೂಜಿಯಿಂದ ಹೊರಗೆಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಅದರ ತುದಿಯ ಆಕಾರ ಮೂರು ಬಗೆ! ನನ್ನ ಎರಡು ಗುಂಪು ಕಲಸಿ ಮೂರು ಮಾಡಿದರು. ನನ್ನ ಸಾಲು ಹೊಡೆದು ಹಾಕಿ, ಆ ಜಾಗದಲ್ಲಿ ಮೂರು ತುದಿಗಳ ಚಿತ್ರ ಬರೆಸಿದರು. ಮುಗಿಯುವಾಗ ನಡುರಾತ್ರಿ ದಾಟಿತ್ತು. ಆ ಮೂರು ಆಕಾರ ಈಗಲೂ ಕಣ್ಣು ಮುಚ್ಚಿ ಬರೆಯಬಲ್ಲೆ.

ಈ ಸಲ ಮಳೆ ಬಂದಾಗ ಬೀದಿ ದೀಪದ ಕೆಳಗೆ ಬಿದ್ದ ದುಂಬಿಯೊಂದನ್ನು ಎತ್ತಿಕೊಳ್ಳಿ. ಲೆನ್ಸ್ ಹಿಡಿದು ಕುಡಿಮೀಸೆ ಎಣಿಸಿ. ಆಮೇಲೆ ಎರಡನೇ ಪ್ಯಾರಾ ಮತ್ತೆ ಬರೆದು ಕಳಿಸಿ, ಕಾಯುತ್ತಿರುತ್ತೇನೆ.