ಅಳೆದದ್ದು ಗಾಳಿ, ಹೇಳಿದ್ದು ಮಣ್ಣು: ಒಬ್ಬ ಹೊಸ ಲೇಖಕರಿಗೆ ಉತ್ತರ

ನಮಸ್ಕಾರ.

ಶಿಕಾಗೊ ನಗರದ ಮಣ್ಣಿನಲ್ಲಿ ಸೇರಿಕೊಂಡಿರುವ ಪಿಸಿಬಿ, ಅಂದರೆ ಹಿಂದೆ ಟ್ರಾನ್ಸ್‌ಫಾರ್ಮರ್ ಎಣ್ಣೆಯಂಥವುಗಳಲ್ಲಿ ಬಳಸುತ್ತಿದ್ದ ಕ್ಲೋರಿನ್ ಸೇರಿದ ವಿಷಕಾರಿ ರಾಸಾಯನಿಕಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆ ಸಲೀಸಾಗಿದೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕಾರಣ ನಿಮ್ಮ ಮೂರನೇ ಪ್ಯಾರಾ. ಓದಿದಾಗಿನಿಂದ ಅದು ನನ್ನ ತಲೆ ತಿನ್ನುತ್ತಿದೆ.

ಮೊದಲ ಸಾಲು: "ಗಾಳಿಯನ್ನು ಪರೀಕ್ಷಿಸಿದ ವಿಜ್ಞಾನಿಗಳು ಮಣ್ಣಿನಲ್ಲಿ ಎಷ್ಟು ಪಿಸಿಬಿ ಇದೆ ಎಂದು ಪತ್ತೆ ಹಚ್ಚಿದರು." ಹೇಗೆ ಪತ್ತೆ ಹಚ್ಚಿದರು? ಅವರು ಅಳೆದದ್ದು ಗಾಳಿಯನ್ನು. ಮಣ್ಣಿನದು ಲೆಕ್ಕ ಹಾಕಿ ತೆಗೆದ ಅಂದಾಜು. ಓದುಗರಿಗೆ ಕುತೂಹಲ ಇರುವುದೇ ಆ ಲೆಕ್ಕದಲ್ಲಿ, ನೀವು ಅದನ್ನೇ ಹಾರಿಸಿಬಿಟ್ಟಿದ್ದೀರಿ.

ಪಿಸಿಬಿ ಮಣ್ಣಿನಲ್ಲಿ ಸುಮ್ನೆ ಕೂತಿರುವುದಿಲ್ಲ ಅಲ್ವಾ? ಕೊಳೆತ ಎಲೆ, ಬೇರಿನ ಚೂರು ಇಂಥ ಸಾವಯವ ಅಂಶಕ್ಕೆ ಅಂಟಿಕೊಳ್ಳುತ್ತದೆ. ನೆಲ ಕಾದಾಗ ಸ್ವಲ್ಪ ಸ್ವಲ್ಪವೇ ಆವಿಯಾಗಿ ಮೇಲೇಳುತ್ತದೆ. ಚಳಿಗೆ ಮತ್ತೆ ನೆಲಕ್ಕೆ ಇಳಿಯುತ್ತದೆ. ಈ ಏರಿಳಿತ ಒಂದು ಸಮತೋಲಕ್ಕೆ ಬಂದಿದೆ ಅಂದುಕೊಂಡರೆ ಮಾತ್ರ ಗಾಳಿಯ ಅಳತೆಯಿಂದ ಮಣ್ಣಿನ ಅಂದಾಜು ಸಿಗುತ್ತದೆ. ಅದಕ್ಕೂ ಆ ಹೊತ್ತಿನ ಉಷ್ಣತೆ ಗೊತ್ತಿರಬೇಕು, ಮಣ್ಣಿನಲ್ಲಿ ಆ ಸಾವಯವ ಅಂಶದ ಇಂಗಾಲ ಎಷ್ಟಿದೆ ಅನ್ನುವುದು ಗೊತ್ತಿರಬೇಕು. ಪಿಸಿಬಿಯಲ್ಲಿ 209 ಬಗೆಗಳಿವೆ. ಕ್ಲೋರಿನ್ ಕಡಿಮೆ ಇರುವವು ಬೇಗ ಹಾರುತ್ತವೆ, ಜಾಸ್ತಿ ಇರುವವು ನೆಲಕ್ಕೆ ಕಚ್ಚಿಕೊಂಡಿರುತ್ತವೆ. ಹಾಗಾಗಿ ಒಂದೊಂದು ಬಗೆಗೂ ಬೇರೆ ಲೆಕ್ಕ.

ಎರಡನೇ ಸಾಲು: "ಬೇಸಿಗೆಯಲ್ಲಿ ಮಾಲಿನ್ಯ ಹೆಚ್ಚು." ಎಲ್ಲಿ ಹೆಚ್ಚು? ಗಾಳಿಯಲ್ಲಿ. ಮಣ್ಣಿನಲ್ಲಿರುವ ಮೊತ್ತ ಜುಲೈ ಬಂತು ಅಂತ ಏರುವುದಿಲ್ಲ. ಜುಲೈ ಗಾಳಿಯ ಅಳತೆಗೆ ಜನವರಿಯ ಉಷ್ಣತೆ ಹಾಕಿ ಲೆಕ್ಕ ಮಾಡಿದರೆ ಮಣ್ಣು ಇರುವುದಕ್ಕಿಂತ ಎಷ್ಟೋ ಪಟ್ಟು ಕೆಟ್ಟಂತೆ ಕಾಣುತ್ತದೆ.

ಮೂರನೇ ಸಾಲಿಗೆ ನನಗೆ ನಿಜಕ್ಕೂ ಸಿಟ್ಟು ಬಂತು: "ಈ ಪಿಸಿಬಿಯೆಲ್ಲ ಹಳೆಯ ಕಾರ್ಖಾನೆಗಳ ನೆಲದಿಂದ ಬಂದದ್ದು." ಬೀದಿಯಲ್ಲಿ ಒಗ್ಗರಣೆ ಘಾಟು ಬಂದ ಮಾತ್ರಕ್ಕೆ ಯಾರ ಮನೆಯದು ಅಂತ ಹೇಳಿಬಿಡಲು ಆಗುತ್ತದೆಯೇ? ಅಮೆರಿಕದಲ್ಲಿ ಪಿಸಿಬಿ ತಯಾರಿಕೆ 1977ರಲ್ಲೇ ನಿಂತಿತು, 1979ರಲ್ಲಿ ನಿಷೇಧವೂ ಬಂತು. ಆದರೆ ಹಳೆಯ ಟ್ರಾನ್ಸ್‌ಫಾರ್ಮರ್‌ಗಳಿಂದ, ಕಟ್ಟಡಗಳ ಸಂದಿಗೆ ತುಂಬಿದ ಅಂಟಿನಿಂದ ಅದು ಇವತ್ತಿಗೂ ಗಾಳಿಗೆ ಸೇರುತ್ತಿದೆ. ಅಯೋವಾ ವಿಶ್ವವಿದ್ಯಾಲಯದವರು ಶಿಕಾಗೊದಲ್ಲಿ ಓಡಾಡುವ ಸಂಚಾರಿ ಚಿಕಿತ್ಸಾಲಯದ ವ್ಯಾನ್‌ಗಳ ಮೇಲೆ ಗಾಳಿ ಹೀರುವ ಯಂತ್ರ ಕೂರಿಸಿದ್ದರು. ವ್ಯಾನ್ ಹೋದಲ್ಲೆಲ್ಲ ಗಾಳಿಯ ಮಾದರಿ ಸಿಕ್ಕಿತು. ಅದರಲ್ಲಿ ಆ 209 ಬಗೆಗಳಲ್ಲಿ ಒಂದಾದ ಪಿಸಿಬಿ-11 ಇದೆ ಎಂದು 2008ರಲ್ಲಿ ವರದಿ ಮಾಡಿದರು. ಅದು ಆ ಹಳೇ ಕೈಗಾರಿಕಾ ಎಣ್ಣೆಯದಲ್ಲ. ಪೇಂಟಿಗೆ ಹಾಕುವ ಹಳದಿ ಬಣ್ಣದ ಪುಡಿ ತಯಾರಿಸುವಾಗ ತಾನಾಗಿ ಹುಟ್ಟಿಕೊಳ್ಳುವಂಥದ್ದು. ಇದನ್ನೂ ಕಾರ್ಖಾನೆ ನೆಲದ ಲೆಕ್ಕಕ್ಕೆ ಬರೆದರೆ ಆ ನೆಲದ ಪಕ್ಕ ಮನೆ ಮಾಡಿಕೊಂಡವರಿಗೆ ನಾವು ಸುಳ್ಳು ಹೇಳಿದ ಹಾಗೆ.

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯ ಡೆಸ್ಕಿನಲ್ಲಿ. ಅಲ್ಲಿದ್ದ ಹಿರಿಯರೊಬ್ಬರು ಪ್ರತಿ ಲೇಖನದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ "ಎಲ್ಲಿ ಅಳೆದರು?" ಎಂದು ಬರೆಯುತ್ತಿದ್ದರು. ಒಮ್ಮೆ ಒಂದು ಕೆರೆಯ ನೀರು ಕೆಟ್ಟಿದೆ ಎಂಬ ಸುದ್ದಿ ಬಂತು. ಅವರು ನನ್ನನ್ನು ಲ್ಯಾಬಿಗೆ ಅಟ್ಟಿದರು. ಅಲ್ಲಿನವರು ರಿಜಿಸ್ಟರ್ ತೆಗೆದು ತೋರಿಸಿದರು: ಬಾಟಲಿ ತುಂಬಿದ್ದೆಲ್ಲ ತೂಬಿನ ಹತ್ತಿರ. ಕೋಡಿ ಕಡೆಗೆ ಯಾರೂ ಹೋಗಿರಲಿಲ್ಲ. ಸುದ್ದಿ ಅಚ್ಚಾಯಿತು, "ತೂಬಿನ ಬಳಿಯ ನೀರು" ಅಂತ. ನಾನೂ ಈಗ ಅದೇ ಪ್ರಶ್ನೆ ಬರೆಯುತ್ತೇನೆ. ನಿಮ್ಮ ಪ್ರತಿಯಲ್ಲೂ ಬರೆದಿದ್ದೇನೆ.

ಮೂರನೇ ಪ್ಯಾರಾ ಬಿಚ್ಚಿ ಬರೆಯಿರಿ. ಒಂದು ಪುಟ ಹಿಡಿದರೂ ಪರವಾಗಿಲ್ಲ, ಜಾಗ ನಾನು ಮಾಡಿಕೊಡುತ್ತೇನೆ. ಮಾದರಿ ಎಲ್ಲಿಂದ ತೆಗೆದರು, ಯಾವ ತಿಂಗಳಲ್ಲಿ, ಅದೇ ಜಾಗದ ಮಣ್ಣನ್ನು ಅಗೆದು ಹೋಲಿಸಿ ನೋಡಿದರೋ ಇಲ್ಲವೋ, ಇಷ್ಟು ಅದರಲ್ಲಿ ಇರಲೇಬೇಕು. ಉಳಿದ ಪ್ಯಾರಾಗಳ ಮಾತು ಆಮೇಲೆ.