ರಾ ಡೆನಿಮ್ ಎಷ್ಟು ದಿನಕ್ಕೊಮ್ಮೆ ಒಗೆಯಬೇಕು?

ರಾ ಡೆನಿಮ್ ಅಂದರೆ ನೇಯ್ದ ಮೇಲೆ ಒಗೆಯದೆ ಹಾಗೇ ಮಾರುವ ಜೀನ್ಸ್ ಬಟ್ಟೆ. ನಿಮ್ಮ ರಾ ಡೆನಿಮ್ ಪ್ಯಾಂಟಿನಲ್ಲಿ ಮಡಿಕೆಯ ತಿಳಿ ಗೆರೆ ಮೂಡದೆ ಇಡೀ ಪ್ಯಾಂಟ್ ಮಂಕಾಗಿದೆ, ವಾರಕ್ಕೊಮ್ಮೆ ಮೆಷಿನ್‌ಗೆ ಹಾಕ್ತೀನಿ ಅಂದಿದ್ದೀರಲ್ಲ, ಬಹುಶಃ ಅದೇ ಕಾರಣ. ಇಂಡಿಗೋ ಅನ್ನೋ ನೀಲಿ ಬಣ್ಣ ನೂಲಿನ ಹೊರಮೈಗಷ್ಟೇ ಹಿಡಿದಿರುತ್ತದೆ, ಒಳಗೆ ನೂಲು ಬಿಳಿ. ಮೊಣಕಾಲ ಹಿಂದೆ, ತೊಡೆ ಮೇಲೆ ಬಟ್ಟೆ ಮಡಚಿ ಮಡಚಿ ಉಜ್ಜಿದ ಕಡೆ ಮಾತ್ರ ಬಣ್ಣ ಹೋದರೆ ಚೆಂದದ ಗೆರೆ ಬರುತ್ತದೆ, ಪದೇ ಪದೇ ಒಗೆದರೆ ಎಲ್ಲ ಕಡೆ ಒಟ್ಟಿಗೆ ಹೋಗುತ್ತದೆ.

ಹಾಗಂತ 6 ತಿಂಗಳು ಒಗೀಲೇಬೇಡಿ ಅನ್ನೋ ಮಾತು ನಮ್ಮ ಬಳ್ಳಾರಿ ಬಿಸಿಲಿಗೆ ಆಗಲ್ಲ. ಬೆವರು, ಕೆಂಪು ಧೂಳು ಕೂತು ನೂಲು ಸವೆಯುತ್ತದೆ. ನನ್ನದೊಂದು ತೊಡೆಸಂದಿಯಲ್ಲಿ ಹಾಗೇ ಹರಿಯಿತು. ಈಗ ಬೇಸಿಗೆಯಲ್ಲಿ 15-20 ಸಲ ಹಾಕಿದ ಮೇಲೆ ಒಗೆಯುತ್ತೇನೆ, ಚಳಿಗಾಲದಲ್ಲಿ 30 ದಾಟಿದರೂ ತೊಂದರೆ ಇಲ್ಲ. ಮಧ್ಯೆ ರಾತ್ರಿ ಗಾಳಿಗೆ ನೇತುಹಾಕಿ.

ಒಗೆಯುವಾಗ ಒಳಮೈ ಹೊರಗೆ ತಿರುಗಿಸಿ, ಬಕೆಟ್ ತಣ್ಣೀರಿಗೆ ಒಂದು ಚಮಚ ಲಿಕ್ವಿಡ್ ಸೋಪು ಹಾಕಿ ಅರ್ಧ ಗಂಟೆ ನೆನೆಸಿ, ಕೈಯಲ್ಲಿ ಮೆಲ್ಲಗೆ ಅದುಮಿ. ಬ್ರಷ್ ಬೇಡ, ಹಿಂಡಬೇಡಿ. ನೀರು ನೀಲಿಯಾದರೆ ಗಾಬರಿ ಬೇಡ. ಬೋರ್ ನೀರು ಗಡುಸಾಗಿದ್ದರೆ ಸೋಪು ಬೇಗ ಬಿಡಲ್ಲ, ಇನ್ನೆರಡು ಸಲ ಜಾಲಿಸಿ. ಒಣಗಿಸೋದು ನೆರಳಲ್ಲೇ, ಬಿಸಿಲಿಗೂ ಇಂಡಿಗೋ ಮಾಸುತ್ತದೆ.

ಹೋದ ಬಣ್ಣ ವಾಪಸ್ ಬರಲ್ಲ. ಉಳಿದ ನೀಲಿ ಇನ್ನೂ ಗಾಢವಾಗಿದ್ದರೆ ಗೆರೆ ಮೂಡಬಹುದು, ಈ ವಾರದಿಂದಲೇ ವಾರವಾರ ಒಗೆಯೋದು ನಿಲ್ಲಿಸಿ.