ಮಿಸೌರಿಯ ಆ ಜರ್ಮನ್ ಅಂಗಡಿಕಾರರನ್ನು ಹುಡುಕುವ ದಾರಿ

ನಿಮ್ಮೂರಿನ ಹಳೇ ಅಂಗಡಿ ಕಟ್ಟಡದ ಮೇಲೆ ಹೆಸರಿರುವ ಜರ್ಮನ್ ವ್ಯಾಪಾರಿ ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಹೋರಾಡಿದ್ದರಂತೆ, ಆದರೆ ಪೌರನಾಗುವ ಉದ್ದೇಶ ತಿಳಿಸುವ ಮೊದಲ ಅರ್ಜಿಯೇ ಸಿಗುತ್ತಿಲ್ಲ ಅಂದಿದ್ದೀರಿ. ಅದು ಇಲ್ಲದೆಯೂ ಇರಬಹುದು. 1862ರ ಜುಲೈ ಕಾಯಿದೆ ಪ್ರಕಾರ, ಗೌರವದಿಂದ ಬಿಡುಗಡೆಯಾದ 21 ದಾಟಿದ ಸೈನಿಕ ಒಂದು ವರ್ಷದ ವಾಸ ತೋರಿಸಿದರೆ ಸಾಕಿತ್ತು, ಮೊದಲ ಅರ್ಜಿ ಬೇಕಿರಲಿಲ್ಲ. ಕೌಂಟಿ ಕೋರ್ಟುಗಳಲ್ಲಿ ಪೌರತ್ವದ ಅಂತಿಮ ಆದೇಶವನ್ನೇ ಹುಡುಕಿ.

ಸೈನಿಕರಾಗಿದ್ದರೋ ಇಲ್ಲವೋ ಎಂಬುದಕ್ಕೆ 1910ರ ಜನಗಣತಿಯ 30ನೇ ಕಾಲಂ ನೋಡಿ; 'ಯುಎ' ಅಂದರೆ ಯೂನಿಯನ್ (ಉತ್ತರದ ರಾಜ್ಯಗಳ) ಸೈನ್ಯ. 1890ರ ಜನಗಣತಿ ಬಹುತೇಕ ಹಾಳಾದರೂ ಮಿಸೌರಿಯ ಮಾಜಿ ಸೈನಿಕರ ಪಟ್ಟಿ ಉಳಿದಿದೆ, ಅದರಲ್ಲಿ ಅವರಿದ್ದ ರೆಜಿಮೆಂಟ್ (ಸೇನಾ ತುಕಡಿ) ಸಿಗುತ್ತದೆ.

ನಿಜವಾದ ನಿಧಿ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದ ಪಿಂಚಣಿ ಕಡತ. ಹೆಸರಿನ ಸೂಚಿಯಲ್ಲಿ ಸಿಗದಿದ್ದರೆ ಕೈಬಿಡಬೇಡಿ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆಯುತ್ತಿದ್ದರು. ಕೋಖ್ ಕುಕ್ ಆಗಿರುತ್ತಾರೆ, ಶ್ಮಿಟ್ ಸ್ಮಿತ್ ಆಗಿರುತ್ತಾರೆ. ಆಗ ರೆಜಿಮೆಂಟ್ ಪ್ರಕಾರ ಜೋಡಿಸಿದ ಟಿ289 ಎಂಬ ಸೂಚಿಯಲ್ಲಿ ಅವರ ಕಂಪನಿಯ (ರೆಜಿಮೆಂಟಿನ ಒಳತುಕಡಿಯ) ಸೈನಿಕರ ಹೆಸರುಗಳನ್ನೆಲ್ಲ ಓದಿ. ಕಡತ ತರಿಸುವಾಗ ಆಯ್ದ ಹಾಳೆಗಳಲ್ಲ, ಪೂರ್ತಿ ಕಡತವನ್ನೇ ಕೇಳಿ. 1898 ಮತ್ತು 1915ರ ಪ್ರಶ್ನಾವಳಿಗಳಲ್ಲಿ ಮದುವೆ, ಮಕ್ಕಳ ವಿವರ ಇರುತ್ತದೆ. ವಿಧವೆ ಅರ್ಜಿ ಹಾಕಿದ್ದರೆ ಮದುವೆಯ ಪುರಾವೆ, ನೆರೆಹೊರೆಯವರ ಪ್ರಮಾಣಪತ್ರಗಳೂ ಸೇರಿರುತ್ತವೆ.

ಒಂದು ತೊಡಕು: ಮಿಸೌರಿಯ ಎಷ್ಟೋ ಜರ್ಮನ್ನರು ಎನ್‌ರೋಲ್ಡ್ ಮಿಸೌರಿ ಮಿಲಿಶಿಯಾ ಎಂಬ ರಾಜ್ಯದ ಸ್ಥಳೀಯ ಪಡೆಯಲ್ಲಷ್ಟೇ ಇದ್ದರು. ಅಂಥವರಿಗೆ ಫೆಡರಲ್ ಪಿಂಚಣಿ ಸಾಮಾನ್ಯವಾಗಿ ಇಲ್ಲ. ಮಿಸೌರಿ ರಾಜ್ಯ ಪತ್ರಾಗಾರದ ಸೈನಿಕರ ದತ್ತಾಂಶ ಆನ್‌ಲೈನಿನಲ್ಲಿ ಉಚಿತ, ಅಲ್ಲಿ ನೋಡಿ.

ಅಂಗಡಿಯ ವಿಷಯಕ್ಕೆ ಹಾರ್ವರ್ಡ್‌ನ ಬೇಕರ್ ಗ್ರಂಥಾಲಯದಲ್ಲಿರುವ ಆರ್.ಜಿ. ಡನ್ ಎಂಬ, ವ್ಯಾಪಾರಿಗಳ ಸಾಲಯೋಗ್ಯತೆ ತಿಳಿಸುತ್ತಿದ್ದ ಸಂಸ್ಥೆಯ ಲೆಡ್ಜರುಗಳಿವೆ. ಬಂಡವಾಳ, ಸಾಲ ತೀರಿಸುವ ಗುಣ, ಕುಡಿತ ಎಲ್ಲ ಬರೆದಿರುತ್ತಾರೆ. ಬರೆದವರು ಸ್ಥಳೀಯ ವಕೀಲರಂಥವರು, ಪೂರ್ವಗ್ರಹವೂ ಇರುತ್ತದೆ, ಹಾಗಾಗಿ ಆಸ್ತಿ ತೆರಿಗೆ ಪುಸ್ತಕದೊಡನೆ ತಾಳೆ ನೋಡಿ.